ಗಂಟೆ ಲೆಕ್ಕದಲ್ಲಿ ನಮ್ಮ ಬೀದಿಯ ಗಾಳಿ

ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಸೂಚ್ಯಂಕ ಎಕ್ಯೂಐ. ಅದು 75 ಎಂದು ಮೊಬೈಲಿನಲ್ಲಿ ಕಂಡರೆ ಹೆಚ್ಚಿನವರು ನೆಮ್ಮದಿಯಿಂದ ಕಿಟಕಿ ತೆರೆಯುತ್ತಾರೆ. ನಮ್ಮ ದೇಶದ ಪಟ್ಟಿಯಲ್ಲಿ 51ರಿಂದ 100ರವರೆಗೆ ‘ತೃಪ್ತಿಕರ’. ಆ ಅಂಕಿ ಪಿಎಂ 2.5ರಿಂದ, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳಿಂದ, ಬಂದಿದ್ದರೆ ಅದನ್ನು ಬಿಡಿಸಿ ನೋಡಿ: ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 45 ಮೈಕ್ರೋಗ್ರಾಂ ಸೂಕ್ಷ್ಮ ಕಣ. ದಿನದ ಸರಾಸರಿ 60 ದಾಟಬಾರದು ಎಂಬುದು 2009ರಿಂದ ಇರುವ ಭಾರತದ ಮಾನದಂಡ. 15 ದಾಟದಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅದೇ 45ನ್ನು ಅಮೆರಿಕದ ಪಟ್ಟಿಗೆ ಹಾಕಿದರೆ ಎಕ್ಯೂಐ ಸುಮಾರು 124 ಆಗುತ್ತದೆ, ಅಂದರೆ ಉಬ್ಬಸ ಇರುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಒಳ್ಳೆಯದಲ್ಲದ ಗಾಳಿ. ಒಂದೇ ದಿನ ಎರಡು ಆ್ಯಪ್‌ಗಳು ಬೇರೆ ಬೇರೆ ಅಂಕಿ ತೋರಿಸಲು ಇದೂ ಒಂದು ಕಾರಣ. ಹಾಗಾಗಿ ಎಕ್ಯೂಐ ನೋಡುವುದನ್ನು ಬಿಟ್ಟು ನೇರವಾಗಿ ಮೈಕ್ರೋಗ್ರಾಂ ಅಂಕಿ ನೋಡುವುದನ್ನು ನಾನು ಮೊದಲು ರೂಢಿ ಮಾಡಿಕೊಂಡೆ.

ನಮ್ಮ ಮನೆ ಬೆಂಗಳೂರಿನ ಮೈಸೂರು ರಸ್ತೆಯಿಂದ ಒಳಗೆ, ಬಾಪೂಜಿನಗರದ ಕಡೆ. ಅಮ್ಮನಿಗೆ ಹಳೆಯ ಉಬ್ಬಸ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಬಾಪೂಜಿನಗರದ ಮಾಪನ ಕೇಂದ್ರವೂ ಬರುತ್ತದೆ. ಹತ್ತಿರದಲ್ಲೇ ಇಂಥ ಕೇಂದ್ರ ಇರುವುದು ಪುಣ್ಯ. ಆದರೆ ಆ ಆ್ಯಪ್‌ನ ಎಕ್ಯೂಐ ಹಿಂದಿನ 24 ಗಂಟೆಗಳ ಸರಾಸರಿ ಮೇಲೆ ನಿಂತದ್ದು. ಅಮ್ಮನ ಪ್ರಶ್ನೆಯೇ ಬೇರೆ: “ಈಗ ವಾಕಿಂಗ್‌ಗೆ ಹೋಗಲೋ ಬೇಡವೋ?” ಬೆಳಗ್ಗೆ ಆರೂವರೆಗೆ ನಮ್ಮ ಬೀದಿಯಲ್ಲಿ ಗಾಳಿ ಹೇಗಿದೆ ಎಂದು ನಿನ್ನೆಯ ಮಧ್ಯಾಹ್ನವನ್ನೂ ಸೇರಿಸಿದ ಸರಾಸರಿ ಹೇಳಲಾರದು. ಅದಕ್ಕೆ ಗಂಟೆ ಗಂಟೆಯ ಅಂಕಿ ಬೇಕು, ಅದೂ ನಮ್ಮ ಬೀದಿಯದೇ ಬೇಕು.

ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ಪ್ಲಾಂಟವರ್ ಪಿಎಂಎಸ್5003 ಎಂಬ ಪುಟ್ಟ ಸೆನ್ಸರ್ ತಂದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪವೇ ದೊಡ್ಡದು. ಒಳಗಿನ ಪುಟ್ಟ ಫ್ಯಾನ್ ಗಾಳಿಯನ್ನು ಎಳೆದುಕೊಳ್ಳುತ್ತದೆ, ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ, ಆ ಚದುರಿದ ಬೆಳಕನ್ನು ಅಳೆದು ಕಣಗಳ ಪ್ರಮಾಣವನ್ನು ಅಂದಾಜು ಮಾಡುತ್ತದೆ. ಇಲ್ಲಿ ‘ಅಂದಾಜು’ ಅನ್ನುವುದನ್ನು ಮರೆಯಬಾರದು: ಇದು ಕಣಗಳನ್ನು ತೂಕ ಮಾಡುವುದಿಲ್ಲ. ಅದಕ್ಕೆ ನೋಡ್‌ಎಂಸಿಯು ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್ ಜೋಡಿಸಿ ವೈಫೈಗೆ ಹಾಕಿದೆ, ಪಕ್ಕದಲ್ಲಿ ತಾಪಮಾನ ಮತ್ತು ತೇವಾಂಶ ಅಳೆಯುವ ಇನ್ನೊಂದು ಸೆನ್ಸರ್ ಇಟ್ಟೆ. ಮೊದಲ ಮಹಡಿಯ ಸಜ್ಜೆಯ ಕೆಳಗೆ, ಬಿಸಿಲು ಮಳೆ ತಾಗದಂತೆ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್‌ನಿಂದ ದೂರ ಕಟ್ಟಿದೆ. ತಾರಸಿಯ ತುದಿಯಲ್ಲಿ ಕಟ್ಟಿದರೆ ಅಂಕಿ ಚೆನ್ನಾಗಿ ಕಾಣಬಹುದು, ಆದರೆ ನಾವು ಉಸಿರಾಡುವುದು ಅಲ್ಲಿನ ಗಾಳಿಯನ್ನಲ್ಲ.

ಸೆನ್ಸರ್ ಕೊಟ್ಟ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಸರ್ಕಾರಿ ಕೇಂದ್ರದ ಹತ್ತಿರ ಇರುವ ಪರಿಚಯದವರ ಮನೆಯಲ್ಲಿ ಕೆಲವು ವಾರ ಅದನ್ನು ಇಟ್ಟು, ಎರಡರ ಗಂಟೆವಾರು ಸರಾಸರಿಯನ್ನು ಅಕ್ಕಪಕ್ಕ ಬರೆದು ಗ್ರಾಫ್ ಎಳೆದೆ. ಒಣ ಹವೆಯಲ್ಲಿ ಎರಡೂ ಒಟ್ಟೊಟ್ಟಿಗೆ ಏರಿ ಇಳಿಯುತ್ತಿದ್ದವು, ನನ್ನದು ಮಾತ್ರ ಸದಾ ಸ್ವಲ್ಪ ಮೇಲೆ. ಆ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇದ್ದುದರಿಂದ ಗುಣಿಸಿ ಸರಿಪಡಿಸಿಕೊಂಡೆ. ಮಂಜು ಬಿದ್ದ ಬೆಳಗಿನಲ್ಲಿ ಮಾತ್ರ ಲೆಕ್ಕ ತಪ್ಪುತ್ತಿತ್ತು. ತೇವ ಹೆಚ್ಚಾದಾಗ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಊದಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ, ಸೆನ್ಸರ್ ಅದನ್ನು ಹೆಚ್ಚು ಮಾಲಿನ್ಯ ಎಂದು ಓದುತ್ತದೆ. ಸರ್ಕಾರಿ ಯಂತ್ರಗಳು ಒಳಗೆ ಬಂದ ಗಾಳಿಯನ್ನು ಬಿಸಿ ಮಾಡಿ ಒಣಗಿಸಿಯೇ ಅಳೆಯುತ್ತವೆ. ನನ್ನದರಲ್ಲಿ ಆ ವ್ಯವಸ್ಥೆ ಇಲ್ಲ. ಆದ್ದರಿಂದ ತೇವಾಂಶ ಶೇ 85 ದಾಟಿದ ಗಂಟೆಗಳಿಗೆ ನನ್ನ ಪಟ್ಟಿಯಲ್ಲಿ ನಕ್ಷತ್ರದ ಗುರುತು ಹಾಕುತ್ತೇನೆ, ಅವುಗಳ ಮೇಲೆ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಅಗ್ಗದ ಸೆನ್ಸರ್ ಕೊಳ್ಳುವವರು ತೇವಾಂಶ ಅಳೆಯುವುದನ್ನೂ ಜೊತೆಗೇ ಕೊಳ್ಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಚಳಿಗಾಲದ ಗ್ರಾಫ್ ನೋಡಿದಾಗ ನಾವು ಶುದ್ಧ ಗಾಳಿ ಎಂದು ನಂಬಿಕೊಂಡಿದ್ದ ಹೊತ್ತೇ ದಿನದ ಕೆಟ್ಟ ಹೊತ್ತು ಎಂದು ಗೊತ್ತಾಯಿತು. ಡಿಸೆಂಬರ್, ಜನವರಿಯಲ್ಲಿ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂರುತ್ತದೆ. ರಾತ್ರಿಯ ಲಾರಿ ಹೊಗೆ, ಕಸ ಸುಟ್ಟ ಹೊಗೆ, ಬೆಳಗಿನ ಬಸ್ಸುಗಳ ಹೊಗೆ ಎಲ್ಲವೂ ಅದರ ಕೆಳಗೇ ಉಳಿಯುತ್ತವೆ. ಬಿಸಿಲು ಏರಿ ನೆಲ ಕಾದ ಮೇಲೆ ಗಾಳಿ ಮೇಲೆ ಕೆಳಗೆ ಬೆರೆಯತೊಡಗುತ್ತದೆ, ಅಂಕಿ ಇಳಿಯುತ್ತದೆ. ನಮ್ಮ ಬೀದಿಯಲ್ಲಿ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಶಿಖರ, ಮಧ್ಯಾಹ್ನದ ಹೊತ್ತಿಗೆ ಅದರ ಅರ್ಧಕ್ಕೂ ಕಡಿಮೆ, ರಾತ್ರಿ ಎಂಟರ ಮೇಲೆ ಮತ್ತೆ ಏರು. ಅಮ್ಮ ಚಳಿಗಾಲದಲ್ಲಿ ವಾಕಿಂಗನ್ನು ಸಂಜೆ ನಾಲ್ಕಕ್ಕೆ ಬದಲಿಸಿಕೊಂಡರು. ಮೈಸೂರು ರಸ್ತೆಯ ಕಡೆ ಹೋಗುವುದನ್ನು ಬಿಟ್ಟು ಒಳಗಿನ ಪಾರ್ಕು ಸುತ್ತುತ್ತಾರೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಜೋರಾಗಿ ಬೀಸುವಾಗ ಈ ಏರಿಳಿತ ಅಷ್ಟಾಗಿ ಇರುವುದಿಲ್ಲ, ಆಗ ಯಾವ ಹೊತ್ತಿಗೆ ಹೋದರೂ ಸರಿ.

ಶಿಖರದ ಮೇಲೆ ಇನ್ನೊಂದು ಚೂಪಾದ ಮೊನೆ ಕಾಣುತ್ತಿತ್ತು. ಆರೂಮುಕ್ಕಾಲಿಗೆ ಥಟ್ಟನೆ ಏರುತ್ತದೆ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಭಾನುವಾರ ಇಲ್ಲ. ಇಂಥದ್ದು ಟ್ರಾಫಿಕ್‌ನಿಂದ ಬರುವುದಿಲ್ಲ. ಕೆಳಗಿಳಿದು ಹೋಗಿ ನೋಡಿದರೆ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಗುಡಿಸಿದ ಎಲೆ ರಾಶಿ, ಜೊತೆಗೆ ಒಂದಷ್ಟು ಪ್ಲಾಸ್ಟಿಕ್, ಬೆಂಕಿ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಆ ಕಾಗದ ಹಿಡಿದು ಜಗಳಕ್ಕೆ ಹೋಗುವ ಮನಸ್ಸು ನನಗೆ ಬರಲಿಲ್ಲ. ಕೇಳಿದಾಗ ಗುಡಿಸುವ ಹೆಂಗಸು ಹೇಳಿದ್ದಿಷ್ಟು: “ನಾವೇನ್ ಮಾಡೋಣ ಅಕ್ಕಾ, ಆಟೋದವ್ರು ಒಣ ಎಲೆ ತಗೊಳಲ್ಲ. ಇಲ್ಲೇ ಬಿಟ್ರೆ ಗುಡಿಸಿಲ್ಲ ಅಂತ ಮೇಸ್ತ್ರಿ ಬೈತಾರೆ.” ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿಯುವವರೂ ಅವರೇ. ಬೀದಿಯ ಕೆಲವು ಮನೆಯವರು ದುಡ್ಡು ಹಾಕಿ ಪಾರ್ಕಿನ ಮೂಲೆಯಲ್ಲಿ ತಂತಿ ಜಾಲರಿಯ ದೊಡ್ಡ ಬುಟ್ಟಿ ನಿಲ್ಲಿಸಿದೆವು. ಎಲೆ ಅದರೊಳಗೆ ಬೀಳುತ್ತದೆ, ಆಗಾಗ ನೀರು ಮತ್ತು ಸ್ವಲ್ಪ ಸಗಣಿ ನೀರು, ಕೆಲವು ತಿಂಗಳಲ್ಲಿ ಗೊಬ್ಬರ. ಗ್ರಾಫಿನ ಆ ಮೊನೆ ಹೋಯಿತು. ನನ್ನ ಇಡೀ ಅಳತೆಯ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಬುಟ್ಟಿ.

ಇನ್ನು ಮನೆಯೊಳಗೆ. ಹಾಲ್‌ನಲ್ಲಿ ಸೆನ್ಸರ್ ಇಟ್ಟರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಎರಡು ಊದುಬತ್ತಿಗೆ ಅಂಕಿ ನೂರುಗಳಿಗೆ ಏರುತ್ತದೆ. ಸೊಳ್ಳೆ ಬತ್ತಿಯೂ ಹಾಗೆಯೇ, ಮೆಣಸಿನಕಾಯಿ ಒಗ್ಗರಣೆಯೂ ಹಾಗೆಯೇ. ಅಮ್ಮನಿಗೆ ನಾನು ಪೂಜೆ ಕಡಿಮೆ ಮಾಡು ಅನ್ನಲಿಲ್ಲ, ಮೀಟರ್ ಪಕ್ಕ ಇಟ್ಟು ತೋರಿಸಿದೆ ಅಷ್ಟೇ. ಈಗ ತುಪ್ಪದ ದೀಪ, ಹೂವು, ಊದುಬತ್ತಿ ಹಬ್ಬಕ್ಕೆ ಮಾತ್ರ, ಅದೂ ಬಾಲ್ಕನಿಯ ತುಳಸಿ ಮುಂದೆ. ರಾತ್ರಿ ಬತ್ತಿಯ ಬದಲು ಸೊಳ್ಳೆ ಪರದೆ.

ಗಾಳಿ ಅಳೆದ ಮೇಲೆ ಉಸಿರನ್ನೂ ಅಳೆಯಬೇಕಲ್ಲ. ಊದಿದ ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಬಳಸಲು ಅಮ್ಮನ ವೈದ್ಯರು ಹೇಳಿಕೊಟ್ಟರು. ಪ್ಲಾಸ್ಟಿಕ್ ಕೊಳವೆ, ಮೇಲೆ ಜಾರುವ ಸೂಚಿ. ನಿಂತುಕೊಂಡು ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲ ಊದಿ ಹೆಚ್ಚಿನದನ್ನು ಬರೆದುಕೊಳ್ಳಬೇಕು, ಬೆಳಗ್ಗೆ ಸಂಜೆ ಎರಡೂ ಹೊತ್ತು. ಚೆನ್ನಾಗಿದ್ದ ದಿನಗಳಲ್ಲಿ ಬಂದ ಅತಿ ಹೆಚ್ಚಿನ ಅಂಕಿಯೇ ಅವರ ಸ್ವಂತ ಮಟ್ಟ. ಅದರ ಶೇ 80ಕ್ಕಿಂತ ಕೆಳಗೆ ಬಂದರೆ ಎಚ್ಚರ, ಶೇ 50ಕ್ಕಿಂತ ಕೆಳಗೆ ಬಂದರೆ ತಡ ಮಾಡದೆ ಆಸ್ಪತ್ರೆ. ಅಮ್ಮ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ, ರಾತ್ರಿ ಕೆಮ್ಮಿಗೆ ಎದ್ದರೆ ‘ಕೆ’, ಹೆಚ್ಚುವರಿ ಇನ್ಹೇಲರ್ ತೆಗೆದುಕೊಂಡರೆ ‘ಇ’. ಅದರ ಪಕ್ಕ ಆ ದಿನದ ಪಿಎಂ 2.5 ಸರಾಸರಿ ನಾನು ಬರೆಯುತ್ತೇನೆ.

ದೀಪಾವಳಿಯ ದಿನಗಳಲ್ಲಿ, ಗಾಳಿ ನಿಂತ ಚಳಿಗಾಲದ ವಾರಗಳಲ್ಲಿ ಎರಡು ಅಂಕಿಗಳೂ ಒಟ್ಟಿಗೆ ಕೆಡುವುದು ಕಾಣುತ್ತದೆ. ಅಮ್ಮನ ಅಂಕಿ ಕೆಲವೊಮ್ಮೆ ಮರುದಿನ ಇಳಿಯುತ್ತದೆ. ಆದರೆ ಗಾಳಿ ಚೊಕ್ಕವಿದ್ದೂ ಉಬ್ಬಸ ಬಂದ ದಿನಗಳಿವೆ: ನೆಗಡಿ, ಚಳಿ, ಪಾರ್ಥೇನಿಯಂ ಪರಾಗ. ಒಬ್ಬರ ಕ್ಯಾಲೆಂಡರಿನಿಂದ ಕಾರಣ ಸಾಬೀತಾಗುವುದಿಲ್ಲ. ಪಿಎಂ 2.5 ಶ್ವಾಸಕೋಶದ ಗಾಳಿಗೂಡುಗಳವರೆಗೆ ಹೋಗಿ ಉಬ್ಬಸ ಕೆರಳಿಸುತ್ತದೆ, ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಎಂಬುದು ಲಕ್ಷಾಂತರ ಜನರ ಅಧ್ಯಯನದಿಂದ ತಿಳಿದದ್ದು. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2013ರಲ್ಲಿ ಘೋಷಿಸಿದೆ. ನಮ್ಮ ಕ್ಯಾಲೆಂಡರ್ ವೈದ್ಯರ ಮುಂದೆ ಇಡಲು ಇರುವುದು. ಕಳೆದ ಬಾರಿ ಅದನ್ನು ನೋಡಿಯೇ ಅವರು ಚಳಿಗಾಲಕ್ಕೆ ಮುಂಚೆಯೇ, ಉಬ್ಬಸ ಬರದಂತೆ ತಡೆಯುವ ಇನ್ಹೇಲರ್‌ನ ಪ್ರಮಾಣ ಬದಲಿಸಿದರು. ಸೆನ್ಸರ್ ನೋಡಿ ನಾವೇ ಔಷಧಿ ಬದಲಿಸುವುದು ಬೇಡವೇ ಬೇಡ.

ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯವರಿಗೆ ಒಂದು ಮಾತು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರಿನ ಜೊತೆ ನಿಮ್ಮ ಊರುಗಳೂ ಇವೆ. ರಸ್ತೆ ದೂಳು ನಿಮ್ಮ ಚಿಂತೆಯಾಗಿದ್ದರೆ ಇಂಥ ಸೆನ್ಸರಿನ ಪಿಎಂ 10 (10 ಮೈಕ್ರಾನ್‌ವರೆಗಿನ ಕಣಗಳು) ಅಂಕಿಯನ್ನು ನಂಬಬೇಡಿ. ದಪ್ಪ ಕಣಗಳನ್ನು ಅದರ ಸಣ್ಣ ಫ್ಯಾನ್ ಸರಿಯಾಗಿ ಒಳಗೆಳೆಯುವುದಿಲ್ಲ, ಕಣ್ಣಿಗೆ ಕಾಣುವಷ್ಟು ದೂಳು ಎದ್ದಾಗಲೂ ಅದು ಕಡಿಮೆಯೇ ತೋರಿಸುತ್ತದೆ. ಹೊಗೆಗೆ ಇದು ಒಳ್ಳೆಯದು, ದೂಳಿಗೆ ಅಲ್ಲ.

ಲೇಸರ್‌ಗೂ ಆಯಸ್ಸಿದೆ. ನಾನು ಅದನ್ನು ಸದಾ ಉರಿಸದೆ ಐದು ನಿಮಿಷಕ್ಕೊಮ್ಮೆ ಎಬ್ಬಿಸಿ, ಅರ್ಧ ನಿಮಿಷ ಬಿಟ್ಟು ರೀಡಿಂಗ್ ತೆಗೆದುಕೊಳ್ಳುವಂತೆ ಬೋರ್ಡಿನ ಪ್ರೋಗ್ರಾಂ ಬರೆದಿದ್ದೇನೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಹವೆ ಒಣಗಿದ ಮೇಲೆ, ಮತ್ತೆ ಸರ್ಕಾರಿ ಕೇಂದ್ರದ ಅಂಕಿಯ ಜೊತೆ ಹೋಲಿಸುತ್ತೇನೆ. ಗ್ರಾಫ್ ಚದುರಿ ಬಂದರೆ ಸೆನ್ಸರ್ ಬದಲಿಸುವುದು, ಹಳೆಯದನ್ನು ರಿಪೇರಿ ಮಾಡುತ್ತಾ ಕೂರುವುದಿಲ್ಲ.