ವಿಕ್ಟೋರಿಯಾದಲ್ಲಿ ಬೆಂಕಿ ಬಿದ್ದರೆ ಓಡಿ ಬರುವವರು ಯಾರು?

ಮಾರ್ಚ್ ಕೊನೆ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ನಾನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಿಂದ ರಜೆಗೆ ಊರಿಗೆ ಬಂದಿದ್ದೆ. ವಿರಾಜಪೇಟೆ ಕಡೆಯ ನಮ್ಮ ತೋಟದ ಮೇಲಿನ ಬಾಣೆಯಲ್ಲಿ, ಅಂದರೆ ತೋಟಕ್ಕೆ ಸೇರಿದ ಕಾಡು ಜಾಗದಲ್ಲಿ, ಮಧ್ಯಾಹ್ನ ತರಗೆಲೆಗೆ ಬೆಂಕಿ ಹಿಡಿಯಿತು. ಕೆಲಸಗಾರರ ಲೈನ್ ಮನೆಯಿಂದ ಒಬ್ಬರು ಕೂಗಿದ್ದೇ ತಡ, ಅಕ್ಕಪಕ್ಕದ ತೋಟದವರೆಲ್ಲ ಬಂದರು. ಕೆಲವರು ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿದರು. ಕೆಲವರು ಮುಂದೆ ಹೋಗಿ ತರಗೆಲೆ ಕೆರೆದು ಬರಿ ಮಣ್ಣಿನ ದಾರಿ ಬಿಡಿಸಿದರು. ಇಬ್ಬರು ಕೆರೆಯ ಪಂಪಿಗೆ ಸ್ಪ್ರಿಂಕ್ಲರ್ ಪೈಪ್ ಜೋಡಿಸಿದರು. ಪೇಟೆಯಿಂದ ಫೈರ್ ಎಂಜಿನ್ ತಿರುವು ಹತ್ತಿ ಬರುವಷ್ಟರಲ್ಲಿ ಉರಿ ಇಳಿದಿತ್ತು.

ಸಂಜೆ ಮಾವ ಕೇಳಿದರು, "ಅಲ್ಲೂ ನೀನು ಬೆಂಕಿ ಆರಿಸೋಕೆ ಹೋಗ್ತೀಯಂತಲ್ಲ, ಎಷ್ಟು ಕೊಡ್ತಾರೆ?"

"ಏನೂ ಕೊಡಲ್ಲ ಮಾವ. ಇವತ್ತು ಬಂದವರಿಗೆ ನೀವೇನು ಕೊಟ್ರಿ?"

"ಕಾಫಿ ಕೊಟ್ಟೆ," ಅಂದರು.

ವಿಕ್ಟೋರಿಯಾದ ಹಳ್ಳಿಗಳಲ್ಲೂ ನಡೆಯುವುದು ಇದೇ. ಒಂದೇ ವ್ಯತ್ಯಾಸ, ಅಲ್ಲಿ ಅದಕ್ಕೆ ಕಾನೂನಿದೆ, ತರಬೇತಿ ಇದೆ, ಲಾರಿ ಇದೆ. ಮೆಲ್ಬರ್ನ್‌ಗೆ ಹೊಸದಾಗಿ ಬರುವ ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ. ಸೈರನ್ ಹಾಕಿಕೊಂಡು ಬಂದವರೆಲ್ಲ ಸರ್ಕಾರಿ ನೌಕರರೇ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಅಲ್ಲಿ ಮುಖ್ಯವಾಗಿ ಎರಡು ಸಂಸ್ಥೆಗಳಿವೆ. ಮೆಲ್ಬರ್ನ್ ನಗರ ಮತ್ತು ಜೀಲಾಂಗ್, ಬೆಂಡಿಗೋದಂಥ ದೊಡ್ಡ ಊರುಗಳಲ್ಲಿ ಫೈರ್ ರೆಸ್ಕ್ಯೂ ವಿಕ್ಟೋರಿಯಾ ಇದೆ. ಇದು 2020ರ ಜುಲೈ 1ರಂದು ಶುರುವಾಯಿತು. ಇಲ್ಲಿರುವವರು ಸಂಬಳದ ಸಿಬ್ಬಂದಿ. ಉಳಿದ ಹಳ್ಳಿ, ಸಣ್ಣ ಪೇಟೆ, ನಗರದಂಚಿನ ಹೊಸ ಬಡಾವಣೆಗಳಿಗೆ ಹೆಚ್ಚಾಗಿ ಕಂಟ್ರಿ ಫೈರ್ ಅಥಾರಿಟಿ, ಎಲ್ಲರ ಬಾಯಲ್ಲಿ ಸಿಎಫ್‌ಎ. 1945ರಿಂದ ಇರುವ ಈ ಸಂಸ್ಥೆಯಲ್ಲಿ 50,000ಕ್ಕೂ ಜಾಸ್ತಿ ವಾಲಂಟಿಯರ್‌ಗಳಿದ್ದಾರೆ. ಹಸು ಸಾಕುವವರು, ಟೀಚರ್‌ಗಳು, ಪ್ಲಂಬರ್‌ಗಳು, ನನ್ನಂತೆ ಕಂಪ್ಯೂಟರ್ ಮುಂದೆ ಕೂರುವವರು. ನೀವು ಮನೆ ಕೊಳ್ಳುವ ಮೊದಲು ಆ ಜಾಗ ಯಾರ ವ್ಯಾಪ್ತಿಗೆ ಬರುತ್ತದೆ ಎಂದು ನೋಡಿಕೊಳ್ಳಿ. ಸಿಎಫ್‌ಎ ಊರಾದರೆ, ರಾತ್ರಿ 2 ಗಂಟೆಗೆ ನಿಮ್ಮ ಮನೆಗೆ ಬರುವವರು ಎದುರು ಮನೆಯವರೇ ಇರಬಹುದು.

ಸಹಾಯ ಬೇಕಾದಾಗ ಎರಡಕ್ಕೂ ನಂಬರ್ ಒಂದೇ, 000. ಪೊಲೀಸ್, ಫೈರ್, ಆಂಬ್ಯುಲೆನ್ಸ್, ಯಾವುದು ಬೇಕು ಎಂದು ಮೊದಲು ಕೇಳುತ್ತಾರೆ. "ಫೈರ್" ಅನ್ನಿ, ಊರಿನ ಹೆಸರು ಹೇಳಿ, ಹತ್ತಿರದ ಅಡ್ಡರಸ್ತೆಯ ಹೆಸರನ್ನೂ ಹೇಳಿ. ಅವರು ಹೇಳುವ ತನಕ ಫೋನ್ ಇಡಬೇಡಿ. ಊರಿಂದ ಬಂದ ಅಪ್ಪ ಅಮ್ಮನಿಗೂ ಈ ಒಂದು ಇಂಗ್ಲಿಷ್ ಪದ ಮತ್ತು ವಿಳಾಸ ಬಾಯಿಪಾಠ ಮಾಡಿಸಿ. ನಾನು ಅದನ್ನು ಕಾಗದದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಒಂದು ಮಾತು. ಒಣಮೆಣಸಿನ ಒಗ್ಗರಣೆಯ ಹೊಗೆಗೆ ಮನೆಯೊಳಗಿನ ಅಲಾರಂ ಕೂಗಿದರೆ ಮುಂಬಾಗಿಲು ತೆಗೆಯಬೇಡಿ, ಕಿಟಕಿ ತೆಗೆಯಿರಿ. ಹೊಗೆ ಹೊರಗಿನ ಕಾರಿಡಾರ್‌ಗೆ ಹೋದರೆ ಇಡೀ ಕಟ್ಟಡದ ಅಲಾರಂ ಕೂಗಿ ಲಾರಿಯೇ ಬರುತ್ತದೆ. ಸುಳ್ಳು ಅಲಾರಂಗೆ ದಂಡದಂತೆ ಬಿಲ್ ಬರುವುದೂ ಉಂಟು. ಅದಕ್ಕಿಂತ ಮುಖ್ಯ, ಅದೇ ಹೊತ್ತಿಗೆ ಬೇರೆ ಯಾರಿಗಾದರೂ ಆ ಲಾರಿ ಬೇಕಾಗಿರಬಹುದು.

ಇನ್ನು ಬೇಸಿಗೆ. ಅಲ್ಲಿ ಅದು ಡಿಸೆಂಬರ್‌ನಿಂದ ಫೆಬ್ರವರಿ. ನಮ್ಮ ತೋಟದಲ್ಲಿ ನೆರಳಿಗೆ ನಿಂತಿರುವ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದಲೇ ಬಂದ ಮರ. ನೀಲಗಿರಿಯೂ ಅಷ್ಟೇ. ನೀಲಗಿರಿಯ ಎಲೆಯಲ್ಲಿ ಎಣ್ಣೆ ಇದೆ. ಸುಲಿದ ತೊಗಟೆ ಕೆಂಡವಾಗಿ ಗಾಳಿಯಲ್ಲಿ ಹಾರಿ ಕಿಲೋಮೀಟರ್‌ಗಟ್ಟಲೆ ಮುಂದೆ ಬಿದ್ದು ಹೊಸ ಬೆಂಕಿ ಹಚ್ಚುತ್ತದೆ. ಸೊಪ್ಪು ಹಿಡಿದು ಬಡಿಯುವ ಬೆಂಕಿ ಅಲ್ಲ ಅದು. 2009ರ ಫೆಬ್ರವರಿ 7ರಂದು ಹೊತ್ತಿದ ಬೆಂಕಿಗಳಲ್ಲಿ 173 ಜನ ಸತ್ತರು. ಅಲ್ಲಿನವರು ಆ ದಿನವನ್ನು ಇವತ್ತಿಗೂ ಬ್ಲ್ಯಾಕ್ ಸ್ಯಾಟರ್ಡೇ ಎಂದೇ ಕರೆಯುತ್ತಾರೆ. ಅದಕ್ಕೇ ಫೋನ್‌ನಲ್ಲಿ ಬೆಂಕಿಯ ಎಚ್ಚರಿಕೆ ಕೊಡುವ ವಿಕ್‌ಎಮರ್ಜೆನ್ಸಿ ಆಪ್ ಇಟ್ಟುಕೊಳ್ಳಿ. ಅಪಾಯದ ಮಟ್ಟ ನಾಲ್ಕು: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರಾಫಿಕ್. ಕೊನೆಯದನ್ನು ಘೋಷಿಸಿದ ದಿನ ಕಾಡಿನ ಪಕ್ಕದ ಮನೆಯಲ್ಲಿ ಇರಲೇಬಾರದು. ಬೆಳಿಗ್ಗೆಯೇ ಪೇಟೆಗೆ ಹೊರಟುಬಿಡಿ, ಹೊಗೆ ಕಾಣಲಿ ಎಂದು ಕಾಯಬೇಡಿ. ಟೋಟಲ್ ಫೈರ್ ಬ್ಯಾನ್ ಇದ್ದರೆ ಹಿತ್ತಲಲ್ಲಿ ಸೌದೆ ಒಲೆ, ಇದ್ದಿಲು ಒಲೆ, ಹೋಮ ಯಾವುದೂ ಇಲ್ಲ. ಹಬ್ಬದ ದಿನವೇ ಬಂದರೂ ಇಲ್ಲ. ಪಂದಿ (ಹಂದಿ ಮಾಂಸ) ಸುಡುವ ಆಸೆ ಇದ್ದರೆ ಇನ್ನೊಂದು ದಿನ ನೋಡಿಕೊಳ್ಳೋಣ.

ಸೇರುವುದು ಹೇಗೆ ಎಂದು ತುಂಬಾ ಜನ ಕೇಳುತ್ತಾರೆ. ಸಂಬಳದ ಕೆಲಸ ಬೇಕಾದರೆ ದಾರಿ ಉದ್ದ. ಅರ್ಜಿ, ಬರವಣಿಗೆ ಪರೀಕ್ಷೆ, ಓಟ, ಭಾರ ಎತ್ತುವುದು, ಇಂಟರ್‌ವ್ಯೂ, ವೈದ್ಯಕೀಯ ತಪಾಸಣೆ, ಆಮೇಲೆ ತಿಂಗಳುಗಟ್ಟಲೆ ತರಬೇತಿ. ಪಾಳಿ ಹೀಗೆ: ಎರಡು ದಿನ ಹಗಲು 10 ಗಂಟೆ, ಎರಡು ದಿನ ರಾತ್ರಿ 14 ಗಂಟೆ, ಆಮೇಲೆ ನಾಲ್ಕು ದಿನ ಬಿಡುವು. ವಾಲಂಟಿಯರ್ ಆಗಿದ್ದರೆ ಅನುಭವ ಸಿಗುತ್ತದೆ. ಆದರೆ ಕೆಲಸ ತಾನಾಗಿ ಸಿಗುವುದಿಲ್ಲ, ಎಲ್ಲರ ಜೊತೆ ಪರೀಕ್ಷೆ ಬರೆಯಲೇಬೇಕು.

ವಾಲಂಟಿಯರ್ ದಾರಿ ಬ್ರಿಗೇಡ್‌ನ, ಅಂದರೆ ಊರಿನ ಸಿಎಫ್‌ಎ ತಂಡದ, ಶೆಡ್‌ನಿಂದಲೇ ಶುರು. ಬೆಂಕಿಗೆ ಹೋಗಲು 16 ವರ್ಷ ಆಗಿರಬೇಕು. 11ರಿಂದ 15ರ ಮಕ್ಕಳಿಗೆ ಜೂನಿಯರ್ ತಂಡ ಇರುವ ಬ್ರಿಗೇಡ್‌ಗಳಿವೆ. ಪೊಲೀಸ್ ಚೆಕ್ ಮಾಡುತ್ತಾರೆ. ನಿಮ್ಮ ವೀಸಾ ಯಾವುದೆಂದು ಮೊದಲ ಭೇಟಿಯಲ್ಲೇ ಹೇಳಿ ವಿಚಾರಿಸಿ. ತರಬೇತಿ, ಹಳದಿ ಬಟ್ಟೆ, ಬೂಟು, ಹೆಲ್ಮೆಟ್ ಎಲ್ಲ ಅವರದ್ದೇ. ಕ್ಯಾಪ್ಟನ್ ಯಾರೆಂದು ಬ್ರಿಗೇಡ್‌ನವರೇ ವೋಟ್ ಹಾಕಿ ಆರಿಸುತ್ತಾರೆ. ಬೆಂಕಿಗೆ ಹೋಗಲು ಆಗದವರು ರೇಡಿಯೋ, ಲೆಕ್ಕಪತ್ರ, ಶಾಲೆಗಳಲ್ಲಿ ತಿಳಿವಳಿಕೆ ಕೆಲಸ ಮಾಡಬಹುದು. ಗಾಯವಾದರೆ ಪರಿಹಾರಕ್ಕೆ ಕಾನೂನಿನ ರಕ್ಷಣೆ ಇದೆ.

ಆಫೀಸಿನ ಚಿಂತೆ ಬೇಡ. ಅಲ್ಲಿನ ಫೇರ್ ವರ್ಕ್ ಕಾಯ್ದೆಯ ಪ್ರಕಾರ ತುರ್ತು ಕರೆಗೆ ಹೋಗುವ ವಾಲಂಟಿಯರ್‌ಗೆ ರಜೆ ಪಡೆಯುವ ಹಕ್ಕಿದೆ. ಹೋಗಿ ಬರುವ ಸಮಯ, ಆಮೇಲಿನ ವಿಶ್ರಾಂತಿಯೂ ಅದರಲ್ಲಿ ಸೇರುತ್ತದೆ. ಆದರೆ ಸಂಬಳ ಕೊಡಲೇಬೇಕೆಂದಿಲ್ಲ. ನಾನು ಮೊದಲೇ ಮ್ಯಾನೇಜರ್ ಹತ್ತಿರ ಮಾತಾಡಿದ್ದೆ, ಅದು ಒಳ್ಳೆಯದಾಯಿತು. ಮನೆಯವರ ಹತ್ತಿರ ಮಾತಾಡುವುದು ಅದಕ್ಕಿಂತ ಮುಖ್ಯ. ರಾತ್ರಿ ಪೇಜರ್ ಕೂಗಿದಾಗ ಎಚ್ಚರವಾಗುವುದು ನೀವೊಬ್ಬರೇ ಅಲ್ವಲ್ಲ.

ನನ್ನ ಮೊದಲ ಬೆಂಕಿಯಲ್ಲಿ ನಾನು ಜ್ವಾಲೆಯನ್ನೇ ನೋಡಲಿಲ್ಲ. ಬೇರೆಯವರು ಆರಿಸಿದ ಮೇಲೆ ನಾಲ್ಕು ಗಂಟೆ ಬ್ಲ್ಯಾಕಿಂಗ್ ಔಟ್ ಮಾಡಿದೆ. ಅಂದರೆ ಬಿದ್ದ ದಿಮ್ಮಿ, ಬುಡ, ಬೇರು ಒಂದೊಂದನ್ನೂ ಅಗೆದು, ನೀರು ಬಿಟ್ಟು, ಮತ್ತೆ ಅಗೆಯುವುದು. ಬಿಸಿ ಇದೆಯೇ ಎಂದು ಅಂಗೈಯಿಂದ ಮುಟ್ಟಬೇಡ, ಗ್ಲೌಸ್ ತೆಗೆದು ಕೈಯ ಹಿಂಬದಿಯನ್ನು ಮೆಲ್ಲಗೆ ಹತ್ತಿರ ತಗೊಂಡು ಹೋಗು ಎಂದು ಒಬ್ಬ ಹಿರಿಯರು ತೋರಿಸಿಕೊಟ್ಟರು. ಮೇಲೆ ತಣ್ಣಗಿದ್ದ ಬೂದಿಯ ಒಂದು ಗೇಣು ಕೆಳಗೆ ಬೇರು ಕೆಂಪಗಿತ್ತು.

ಈ ಸಲ ಬಾಣೆಯಲ್ಲೂ ಅದನ್ನೇ ಮಾಡಿದೆ. ಎಲ್ಲರೂ ಕಾಫಿಗೆ ಇಳಿದ ಮೇಲೆ ಮಾವನನ್ನು ಕರೆದುಕೊಂಡು ಮತ್ತೆ ಹತ್ತಿದೆ. ಹಳೇ ಮಾವಿನ ಬುಡದ ಹತ್ತಿರ ಅವರ ಕೈ ಹಿಡಿದು ಹಿಂಬದಿ ತೋರಿಸಿದೆ. ಅವರು ಥಟ್ಟನೆ ಕೈ ಎಳೆದುಕೊಂಡು, "ಇನ್ನೆರಡು ಕೊಡ ನೀರು ತರಿಸು," ಅಂದರು.