ಇಸಿಯು ಬದಲಿಸುವ ಮುಂಚೆ ಕಪ್ಲರ್ ಬಿಚ್ಚಿ ನೋಡಿ

ನಮ್ಮ ಉಡುಪಿ ಕಡೆಯ ಮಳೆಗೆ ನನ್ನ ಹಳೇ ಪೆಟ್ರೋಲ್ ಕಾರು ಸತಾಯಿಸಲು ಶುರು ಮಾಡಿತ್ತು. ಸ್ಟಾರ್ಟ್ ಆಗುತ್ತಿತ್ತು, ಆದರೆ ಬಿಸಿಯಾದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದು) ಏರುಪೇರು, ಹಿಂದೆ ಕಪ್ಪು ಹೊಗೆ, ರೇಡಿಯೇಟರ್ ಫ್ಯಾನ್ ನಿಲ್ಲುವುದೇ ಇಲ್ಲ. ಚೆಕ್ ಇಂಜಿನ್ ಲೈಟ್ ಒಮ್ಮೆ ಹತ್ತುತ್ತದೆ, ಆಮೇಲೆ ತಾನಾಗೇ ಆರುತ್ತದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. "ಇಸಿಯು ಹೋಗಿದೆ ಸರ್, ಹೊಸದು ಹಾಕಬೇಕು" ಅಂದರು. ಇಸಿಯು ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗಲು ಬಿಡದ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಇಸಿಯು ಬದಲಿಸಿದರೆ ಕೀ ಪ್ರೋಗ್ರಾಮಿಂಗ್ ಖರ್ಚೂ ಸೇರುತ್ತದೆ. ನಾನು ಒಪ್ಪಲಿಲ್ಲ. ತೊಂದರೆ ಹೀಗೆ ಬಂದು ಹೋಗಿ ಮಾಡುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಕಪ್ಲರ್ ಮೇಲೆ, ಅಂದರೆ ವೈರ್ ಕಟ್ಟು ಇಸಿಯುಗೆ ಸೇರುವ ಪ್ಲಗ್ ಮೇಲೆ.

ನನ್ನ ಹತ್ತಿರ ಒಂದು ಇಎಲ್‌ಎಂ327 ಬ್ಲೂಟೂತ್ ಸ್ಕ್ಯಾನರ್ ಇದೆ, ಇಸಿಯು ದಾಖಲಿಸಿದ ದೋಷದ ಕೋಡನ್ನು ಮೊಬೈಲಿನಲ್ಲಿ ತೋರಿಸುತ್ತದೆ. ಹಾಕಿ ನೋಡಿದರೆ ಪಿ0118 ಕೋಡ್, ಅಂದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಇದೆ ಅಂತ. ಇಂಜಿನ್ ಓಡುತ್ತಿರುವಾಗಲೇ ಸೆನ್ಸರ್ ಹತ್ತಿರದ ವೈರ್ ಅಲ್ಲಾಡಿಸಿದೆ, ಏನೂ ಆಗಲಿಲ್ಲ. ಇಸಿಯು ಕಪ್ಲರ್ ಹತ್ತಿರದ ವೈರ್ ಕಟ್ಟನ್ನು ಮೆಲ್ಲಗೆ ಅಲ್ಲಾಡಿಸಿದೆ ನೋಡಿ, ಮೊಬೈಲ್ ಪರದೆಯಲ್ಲಿ 88 ಡಿಗ್ರಿ ಇದ್ದದ್ದು ಒಂದೇ ಸಲ ಮೈನಸ್ 40ಕ್ಕೆ ಹೋಯಿತು, ಕೈ ಬಿಟ್ಟ ಕೂಡಲೇ ವಾಪಸ್ 88. ಉಡುಪಿಯಲ್ಲಿ ಮೈನಸ್ 40 ಎಲ್ಲಿಂದ ಬರಬೇಕು?

ಇದು ಯಾಕೆ ಹೀಗೆ ಅಂತ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಸುಮಾರು 2500 ಓಮ್, 60ರಲ್ಲಿ ಸುಮಾರು 600, 80ರಲ್ಲಿ 300ರ ಆಸುಪಾಸು. ಪಿನ್ನಿನಲ್ಲಿ ಕಿಲುಬು ಹಿಡಿದು 300 ಓಮ್ ಜಾಸ್ತಿ ಸೇರಿತು ಅಂದುಕೊಳ್ಳಿ, ಆಗ 80 ಡಿಗ್ರಿ ಬಿಸಿ ಇರುವ ಇಂಜಿನ್ ಇಸಿಯುಗೆ 60 ಡಿಗ್ರಿ ಅನ್ನಿಸುತ್ತದೆ. ಕಾಂಟ್ಯಾಕ್ಟ್ ಪೂರ್ತಿ ತಪ್ಪಿದರೆ ಮೈನಸ್ 40. ಇಂಜಿನ್ ತಣ್ಣಗಿದೆ ಅಂತ ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಕಪ್ಪು ಹೊಗೆ ಬರುತ್ತದೆ. ಸೆನ್ಸರ್ ನಂಬುವ ಹಾಗಿಲ್ಲ ಅಂತ ಗೊತ್ತಾದಾಗ ಇಂಜಿನ್ ಕಾಪಾಡಲು ಫ್ಯಾನ್ ಓಡಿಸುತ್ತದೆ. ಇಸಿಯು ತನ್ನ ಕೆಲಸವನ್ನು ಸರಿಯಾಗೇ ಮಾಡುತ್ತಿತ್ತು, ಅದಕ್ಕೆ ಸಿಗುತ್ತಿದ್ದ ಸುದ್ದಿ ತಪ್ಪಿತ್ತು.

ಕೀ ತೆಗೆದು, ಕೆಲವು ನಿಮಿಷ ಬಿಟ್ಟು, ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಬಾಡಿಯ ಲೋಹ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಂಡೆ. ಕಪ್ಲರಿಗೆ ಲಾಕ್ ಲಿವರ್ ಇರುತ್ತದೆ. ಅದನ್ನು ಪೂರ್ತಿ ಎತ್ತಿದರೆ ಕಪ್ಲರ್ ತಾನೇ ಹೊರಗೆ ಬರುತ್ತದೆ, ವೈರ್ ಹಿಡಿದು ಎಳೆಯಲೇಬಾರದು. ಟಾರ್ಚ್ ಬಿಟ್ಟು ನೋಡಿದರೆ ಕೆಳಗಿನ ಸಾಲಿನ ಮೂಲೆಯ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು, ಪಕ್ಕದ ಪ್ಲಾಸ್ಟಿಕ್ ಮೇಲೆ ಬಿಳಿ ಪುಡಿ. ಸುತ್ತಲಿನ ರಬ್ಬರ್ ಸೀಲ್ ಮೇಲೆ ನೀರು ಇಳಿದ ಗೆರೆ ಕೆಂಪು ಮಣ್ಣಿನ ಸಮೇತ ಕಾಣುತ್ತಿತ್ತು.

ಇಲ್ಲಿ ಎಮರಿ ಪೇಪರ್, ಸೂಜಿ, ಚಾಕು ಯಾವುದೂ ಬೇಡ. ಪಿನ್ನಿನ ಮೇಲಿನ ತವರ ಅಥವಾ ಚಿನ್ನದ ಲೇಪ ತುಂಬಾ ತೆಳು, ಉಜ್ಜಿದರೆ ಹೋಗುತ್ತದೆ, ಆಮೇಲೆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಹೆಣ್ಣು ಟರ್ಮಿನಲ್ (ಪಿನ್ ಹೋಗಿ ಕೂರುವ ತೂತು) ಒಳಗೆ ಮಲ್ಟಿಮೀಟರ್ ಕಡ್ಡಿ ತುರುಕುವುದಂತೂ ದೊಡ್ಡ ಅಪಾಯ, ಅದರ ಹಿಡಿತ ಸಡಿಲವಾಗಿ ಕಾಯಂ ಲೂಸ್ ಕಾಂಟ್ಯಾಕ್ಟ್ ಆಗುತ್ತದೆ. ನಾನು ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರ್ ತಂದೆ. ಕಪ್ಲರ್ ಬಾಯಿ ಕೆಳಗೆ ಮಾಡಿ ಹಿಡಿದು ಸ್ಪ್ರೇ ಮಾಡಿದೆ, ಕೊಳೆ ಹಸಿರು ನೀರಾಗಿ ಇಳಿಯಿತು. ಇಸಿಯು ಕಡೆಯ ಪಿನ್ನುಗಳಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆದು ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಗುರವಾಗಿ ತಿಕ್ಕಿದೆ. ಸ್ಯಾನಿಟೈಸರ್ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ, ಅದರಲ್ಲಿ ನೀರು ಇರುತ್ತದೆ. ಈ ಕೆಲಸ ಮಾಡುವಾಗ ಬೆಂಕಿ ಹತ್ತಿರ ಇರಬಾರದು, ಪೂರ್ತಿ ಒಣಗುವ ತನಕ ಜೋಡಿಸಬಾರದು.

ವೈರ್ ಟರ್ಮಿನಲ್ಲಿಗೆ ಸೇರುವ ಜಾಗವನ್ನೂ ನೋಡಿ. ತಾಮ್ರದ ಎಳೆಗಳು ಒಳಗೇ ಹಸಿರು ಅಥವಾ ಕಪ್ಪಾಗಿದ್ದರೆ ಯಾವ ಕ್ಲೀನರೂ ಉಳಿಸಲ್ಲ, ಆ ಟರ್ಮಿನಲ್ ಕತ್ತರಿಸಿ ಹೊಸದು ಹಾಕಿಸಬೇಕು. ನನ್ನದರಲ್ಲಿ ಎಳೆಗಳು ಚೆನ್ನಾಗಿದ್ದವು.

ಇನ್ನು ಗ್ರೀಸ್ ವಿಷಯ. ಡೈಎಲೆಕ್ಟ್ರಿಕ್ ಸಿಲಿಕಾನ್ ಗ್ರೀಸ್ ಕರೆಂಟ್ ಹರಿಸುವುದಿಲ್ಲ, ಅದು ನೀರನ್ನು ಹೊರಗಿಡುವುದಕ್ಕೆ ಮಾತ್ರ. ಹಾಗಾಗಿ ಕಪ್ಲರ್ ಒಳಗೆಲ್ಲ ಮೆತ್ತಬೇಡಿ. ರಬ್ಬರ್ ಸೀಲ್ ಸುತ್ತ ತೆಳುವಾಗಿ ಸವರಿದರೆ ಸಾಕು. ವ್ಯಾಸಲಿನ್ ಬೇಡ, ಕೆಲವು ಜಾತಿಯ ರಬ್ಬರ್ ಉಬ್ಬಿಬಿಡುತ್ತದೆ. ಇದೇ ಸಿಲಿಕಾನ್ ಗ್ರೀಸನ್ನು ಆಕ್ಸಿಜನ್ ಸೆನ್ಸರ್ ಕಪ್ಲರಿಗೆ ಹಚ್ಚಬೇಡಿ, ಸಿಲಿಕಾನ್ ಆ ಸೆನ್ಸರನ್ನು ಕೆಡಿಸುತ್ತದೆ.

ಇಷ್ಟು ಮಾಡಿ ನೀರು ಎಲ್ಲಿಂದ ಬಂತು ಅಂತ ಹುಡುಕದೆ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ನಾನು ಗಾಡಿ ನಿಲ್ಲಿಸುವುದು ಮಾವಿನ ಮರದ ಕೆಳಗೆ. ವೈಪರ್ ಕೆಳಗಿನ ಪ್ಲಾಸ್ಟಿಕ್ ಎತ್ತಿದರೆ ಕೊಳೆತ ಎಲೆ ತುಂಬಿ ನೀರು ಹೋಗುವ ತೂತು ಕಟ್ಟಿತ್ತು. ನೀರು ತುಂಬಿ, ಅಂಚು ದಾಟಿ, ವೈರ್ ಕಟ್ಟಿನ ಮೇಲೆ ಬಿದ್ದು, ಅದರ ಗುಂಟ ನೇರವಾಗಿ ಇಸಿಯುಗೆ ಇಳಿಯುತ್ತಿತ್ತು. ತೂತು ಬಿಡಿಸಿದೆ. ವೈರ್ ಕಟ್ಟು ಕಪ್ಲರಿಗಿಂತ ಕೆಳಗೆ ಒಂದು ಬಳುಕು ತೆಗೆದುಕೊಂಡು ಆಮೇಲೆ ಮೇಲೇರುವ ಹಾಗೆ ಟೈ ಹಾಕಿ ಕಟ್ಟಿದೆ, ಈಗ ನೀರು ಬಂದರೂ ಆ ಬಳುಕಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಇಸಿಯು ಅರ್ಥಿಂಗ್ ಬೋಲ್ಟನ್ನೂ ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ಲೋಹ ಹೊಳೆಯುವ ಹಾಗೆ ಉಜ್ಜಿ ಬಿಗಿದೆ.

ಕೋಡ್ ಅಳಿಸಿ ಅದೇ ವೈರನ್ನು ಮತ್ತೆ ಅಲ್ಲಾಡಿಸಿದೆ. ಟೆಂಪರೇಚರ್ ಕದಲಲಿಲ್ಲ, ಹೊಗೆಯೂ ಹೋಯಿತು. ಬ್ಯಾಟರಿ ಬಿಚ್ಚಿದ್ದರಿಂದ ಮೊದಲು ಸ್ವಲ್ಪ ಹೊತ್ತು ಐಡ್ಲಿಂಗ್ ಹೆಚ್ಚುಕಡಿಮೆ ಆಗಬಹುದು, ಗಾಬರಿ ಬೇಡ.

ಸರ್ವೀಸಿಗೆ ಕೊಡುವಾಗ ಬಾನೆಟ್ ಒಳಗೆ ಪ್ರೆಶರ್ ವಾಶ್ ಬೇಡ ಅಂತ ಈಗ ಬರೆಸಿಯೇ ಕೊಡುತ್ತೇನೆ. ಕೆಲವರು ಇಸಿಯುಗೆ ಪ್ಲಾಸ್ಟಿಕ್ ಕವರ್ ಸುತ್ತಿ ಕಾಯಂ ಬಿಡುತ್ತಾರೆ, ಅದು ಸರಿಯಲ್ಲ. ಒಳಗೆ ಸೇರಿದ ತೇವ ಆರುವುದೇ ಇಲ್ಲ, ಇಸಿಯು ಬಿಸಿ ಹೊರಗೆ ಹೋಗುವುದೂ ಕಷ್ಟ.