ಮೊದಲು ವಾಲಿದ ಸೊಂಟ, ಆಮೇಲೆ ಪ್ರೆಸ್‌ಅಪ್

ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ (ಎಲ್4–ಎಲ್5 ಡಿಸ್ಕ್) ಜಾರಿ ಕಾಲಿಗೆ ಸೆಳೆತ ಇಳಿದವರನ್ನೂ ಹಿಂದಕ್ಕೆ ಬಾಗಿಸುತ್ತೇನೆ ಅಂದಾಗ ಊರಿನ ಮೂಳೆ ಡಾಕ್ಟರು ನಕ್ಕಿದ್ದರು. ಈಗ ಅವರೇ ಚೀಟಿ ಬರೆದು ಕಳಿಸುತ್ತಾರೆ.

ಕಾಲಿನ ನೋವು ಸೊಂಟದತ್ತ ಮೇಲಕ್ಕೆ ಬರುವ ದಿಕ್ಕು ನೋಡಿ ಬೆನ್ನು ಬಾಗಿಸುವ ಮೆಕೆಂಜಿ ಪದ್ಧತಿ ನಮ್ಮ ಫಿಸಿಯೋಥೆರಪಿ ಕಸುಬಿನವರಿಗೆಲ್ಲ ಗೊತ್ತಿರುವುದೇ, ಅದನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ. ಸೋತದ್ದೆಲ್ಲಿ ಅನ್ನುವುದನ್ನು ಮಾತ್ರ ಹೇಳುತ್ತೇನೆ. ಸುಮಾರು ಒಂದೂವರೆ ಲಕ್ಷ ಸುರಿದು ತಂದ, ಬೆನ್ನನ್ನು ಎಳೆದು ಹಿಡಿಯುವ ಟ್ರಾಕ್ಷನ್ ಮಂಚದ ಮೇಲೆ ಮಲಗಿದ್ದಷ್ಟು ಹೊತ್ತು ಎಲ್ಲರಿಗೂ ಹಾಯಾಗಿರುತ್ತಿತ್ತು. ಇಳಿದು ಚಪ್ಪಲಿಗೆ ಬಗ್ಗಿದರೆ ನೋವು ಮೊದಲಿನಂತೆಯೇ. ಈಗ ಅದರ ಮೇಲೆ ಟವೆಲ್ ಒಣಗುತ್ತವೆ.

ಎರಡನೇ ತಪ್ಪು, ಬಂದವರಿಗೆಲ್ಲ ನೇರವಾಗಿ ಪ್ರೆಸ್‌ಅಪ್ (ಬೋರಲು ಮಲಗಿ, ಸೊಂಟ ಎತ್ತದೆ, ಕೈ ಊರಿ ಎದೆ ಮೇಲೆತ್ತುವುದು) ಮಾಡಿಸಿದ್ದು. ಮೈ ಒಂದು ಪಕ್ಕಕ್ಕೆ ವಾಲಿದ್ದವರ ನೋವು ಪಿರ್ರೆಯಿಂದ ಮೀನಖಂಡಕ್ಕೆ ಇಳಿಯುತ್ತಿತ್ತು. ಡಿಸ್ಕಿನ ಉಬ್ಬು ಹಿಂದೆ ಮತ್ತು ಪಕ್ಕಕ್ಕೆ ಇರುವಾಗ ನೆಟ್ಟಗೆ ಹಿಂದಕ್ಕೆ ಬಾಗಿಸಿದರೆ ಆ ಮೂಲೆಯೇ ಇನ್ನಷ್ಟು ಇಕ್ಕಟ್ಟಾಗುತ್ತದೆ ಎಂದು ನನ್ನ ತಿಳಿವಳಿಕೆ.

ಈಗ ಮಾಡುವುದು ಹೀಗೆ. ಬನಿಯನ್ ತೆಗೆಸಿ ಹಿಂದಿನಿಂದ ನೋಡುತ್ತೇನೆ: ಭುಜ ಸೊಂಟದ ನೇರಕ್ಕಿದೆಯೋ, ಪಕ್ಕಕ್ಕೆ ಸರಿದಿದೆಯೋ. ಸರಿದಿದ್ದರೆ ಭುಜ ವಾಲಿದ ಕಡೆಗೇ ನಿಲ್ಲುತ್ತೇನೆ. ರೋಗಿಯ ಮೊಣಕೈ ಮಡಚಿ ಪಕ್ಕೆಗೆ ಒತ್ತಿಸಿ, ಅದಕ್ಕೆ ನನ್ನ ಭುಜ ಆನಿಸಿ, ಎರಡೂ ಕೈಯಿಂದ ಸೊಂಟವನ್ನು ಬಳಸಿ ನನ್ನತ್ತ ಎಳೆಯುತ್ತೇನೆ. ಒಂದೇ ಏಟಿಗಲ್ಲ, ಹತ್ತು-ಹದಿನೈದು ಸಲ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ನಡುಗೆರೆ ದಾಟಿ ಒಂದಿಷ್ಟು ಆ ಕಡೆಗೆ ಹೋಗುವವರೆಗೆ. ಕೈ ಬೆಸೆಯುವ ಜಾಗದಲ್ಲಿ ಒಂದು ಸಣ್ಣ ಪಟ್ಟು ಇದೆ, ಅದು ನನ್ನ ಹತ್ತಿರವೇ ಇರಲಿ.

ಆಮೇಲಷ್ಟೇ ಬೋರಲು ಮಲಗಿಸುವುದು. ಐದು ನಿಮಿಷ ಸುಮ್ಮನೆ, ಐದು ನಿಮಿಷ ಮೊಣಕೈ ಊರಿ, ನಂತರ ಹತ್ತು ಪ್ರೆಸ್‌ಅಪ್. ಸೊಂಟ ಮಂಚಕ್ಕೆ ಜೋತು ಬೀಳಬೇಕು. ಪಿರ್ರೆ ಬಿಗಿ ಹಿಡಿದರೆ ಮಾಡಿದ್ದು ದಂಡ. ಮನೆಯಲ್ಲಿ ಎರಡು ಗಂಟೆಗೊಮ್ಮೆ. ಕಾಲಿನ ನೋವು ಮೇಲಕ್ಕೆ ಹತ್ತಿ ಸೊಂಟದಲ್ಲಿ ಹೆಚ್ಚಾದರೆ ಹೆದರಬೇಡಿ, ಅದೇ ಬೇಕಾದದ್ದು. ಪಾದದ ಕಡೆ ಇಳಿದು, ಎದ್ದ ಮೇಲೂ ಅಲ್ಲೇ ನಿಂತರೆ ಬಿಟ್ಟುಬಿಡಿ. ನೆನಪಿನ ಲೆಕ್ಕದಲ್ಲಿ, ಮೊದಲ ದಿನವೇ ನೋವು ಮೇಲಕ್ಕೆ ಬಂದವರಲ್ಲಿ ಹೆಚ್ಚಿನವರು ಐದಾರು ಭೇಟಿಯಲ್ಲಿ ಮುಗಿಸಿದ್ದಾರೆ. ಭೇಟಿಗೆ ನಾನ್ನೂರು ರೂಪಾಯಿ. ಎಂಆರ್‌ಐಗೆ ಕಟ್ಟಿದ್ದರಲ್ಲಿ ಅರ್ಧವೂ ಖರ್ಚಾಗುವುದಿಲ್ಲ. ನೋವೇ ಇಲ್ಲದ 20ರ ಪ್ರಾಯದವರಲ್ಲೂ ಸುಮಾರು ಶೇ. 30 ಜನಕ್ಕೆ ಆ ಫಿಲ್ಮಿನಲ್ಲಿ ಉಬ್ಬು ಕಾಣುತ್ತದೆ, 80ರವರಲ್ಲಿ ಶೇ. 84. ಫಿಲ್ಮು ನೋಡಿ ಚಿಕಿತ್ಸೆ ಶುರು ಮಾಡುವುದನ್ನು ಬಿಟ್ಟದ್ದು ಅದಕ್ಕೇ.

ಅರವತ್ತು ದಾಟಿ, ನಡೆದರೆ ಕಾಲು ಜೋಮು ಹಿಡಿದು, ಕಟ್ಟೆ ಮೇಲೆ ಕೂತರೆ ಸರಿಹೋಗುವವರಿಗೆ ಈ ಹಿಂಬಾಗು ಬೇಡ. ಅದು ನರದ ದಾರಿ ಕಿರಿದಾದ ಲಕ್ಷಣ, ಅವರಿಗೆ ಮುಂದಕ್ಕೆ ಬಾಗುವುದೇ ಹಿತ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಹೆಬ್ಬೆರಳು ಮೇಲೆತ್ತುವ ಬಲ ದಿನದಿಂದ ದಿನಕ್ಕೆ ಕುಂದಿದರೆ ಮಂಚಕ್ಕೆ ಹತ್ತಿಸುವುದೇ ಇಲ್ಲ, ನೇರ ಆಸ್ಪತ್ರೆಗೆ.

ನಡುಬೆನ್ನಿನ ಡಿಸ್ಕ್ ಜಾರುವುದು ಅಪರೂಪ. ಆದರೆ ಎದೆಗೆ ಪಟ್ಟಿ ಬಿಗಿದಂತೆ ನೋವು ಅಂದರೆ ಹೃದಯದ ತಪಾಸಣೆ ಆಗಿದೆಯೇ ಎಂದು ಮೊದಲು ಕೇಳಿ. ಆಮೇಲೆ ಪಾದ ಗಕ್ಕನೆ ಮೇಲಕ್ಕೆ ಒತ್ತಿ ಹಿಡಿದು ನೋಡಿ. ಪಟಪಟ ಕುಣಿದರೆ ಮಿದುಳುಬಳ್ಳಿಯೇ ಒತ್ತಿಕೊಂಡಿರಬಹುದು, ಅಲ್ಲಿ ಕೈ ಹಾಕಬೇಡಿ. ಕುಣಿಯದಿದ್ದರೆ ಕುರ್ಚಿಯ ಬೆನ್ನಿಗೆ ಒರಗಿಸಿ ಹಿಂದಕ್ಕೆ ಬಾಗಿಸುವುದು, ಕೈ ಕಟ್ಟಿಸಿ ತಿರುಗಿಸುವುದು, ಅಷ್ಟೇ.

ಬದಿಯಲ್ಲಿ ಒಂದು ಪ್ರಯೋಗವೂ ನಡೆದಿದೆ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಎದ್ದ ಮೊದಲ ಒಂದು ಗಂಟೆ ಬಗ್ಗಬಾರದು. ಆಫೀಸಿನವರಿಗೆ ಇದು ಸಲೀಸು. ಐದು ಗಂಟೆಗೆ ಹಾಲು ಕರೆಯುವವರಿಗೆ ಹೇಗೆ ಹೇಳುವುದು? ಹಸು ಹೊತ್ತು ಬದಲಾಯಿಸುವುದಿಲ್ಲ. ಅವರಿಗೆ ಎತ್ತರದ ಮಣೆ ಹಾಕಿಸಿದ್ದೇನೆ. ಒಂದು ಹಸು ಕರೆದ ಮೇಲೆ ಎದ್ದು, ಸೊಂಟಕ್ಕೆ ಕೈ ಕೊಟ್ಟು ಐದಾರು ಸಲ ಹಿಂದಕ್ಕೆ ಬಾಗಿ, ಆಮೇಲೆ ಮುಂದಿನ ಹಸುವಿಗೆ ಕೂರಬೇಕು.